ಮಾತೆ ಪೋಚಿಕಬ್ಬೆ ಮತ್ತು ಮನೆಯ ವ್ರತ

ಅನಾದಿಯಾದ ಈ ಸಂಸಾರದಲ್ಲಿ ಜೀವನು ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ. ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣುತ್ತಾನೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಏಕತ್ವಾನುಪ್ರೇಕ್ಷೆಯು ಬೋಧಿಸುವುದು ಇದನ್ನೇ. ಆದುದರಿಂದ ತೀರಿಹೋದ ತಾಯಿಗೆ ಮಗನು ಇಲ್ಲಿಂದ ಏನನ್ನೂ ಕಳುಹಿಸಲಾರನು. ಪಿಂಡಪ್ರದಾನವಾಗಲಿ ತರ್ಪಣವಾಗಲಿ ಜೈನಗೃಹಸ್ಥನಿಗೆ ವಿಹಿತವಾದುದಲ್ಲ. ತಾಯಿಯ ಹೆಸರಿನಲ್ಲಿ ಅವನು ಮಾಡಿದ ದಾನದ ಪುಣ್ಯವೂ ಅವನದೇ, ತಾಯಿಯದಲ್ಲ. ಈ ಮಾತು ದುಃಖದಲ್ಲಿರುವವರಿಗೆ ಕಠೋರವಾಗಿ ಕೇಳಿಸೀತು. ಆದರೆ ಇದನ್ನು ಮೊದಲು ಒಪ್ಪಿಕೊಳ್ಳದೆ ಮಾತೃಸ್ಮರಣೆಯ ವಿಚಾರವನ್ನು ಎತ್ತಿದರೆ, ಆ ಸ್ಮರಣೆಯು ಹೂಮಾಲೆ ಹಾಕಿದ ಭಾವಚಿತ್ರದಲ್ಲಿಯೇ ನಿಂತುಬಿಡುತ್ತದೆ.

ಬೆಂಗಳೂರಿನ ಉತ್ತರಭಾಗದಲ್ಲಿ, ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರ, ಯಲಹಂಕಗಳಲ್ಲಿ ನೆಲೆಸಿರುವ ದಿಗಂಬರ ಜೈನ ಮನೆಗಳಲ್ಲಿ ಊರುಬಿಟ್ಟು ಉದ್ಯೋಗಕ್ಕಾಗಿ ಬಂದವರೇ ಬಹಳ. ಅಂಥ ಮನೆಗಳಲ್ಲಿ ಧರ್ಮವು ಊರಿನ ಬಸದಿಯಿಂದ ನಗರಕ್ಕೆ ಬಂದದ್ದು ತಾಯಿಯ ಕೈಯಲ್ಲಿ. ನೀರು ಸೋಸುವ ಬಟ್ಟೆ, ಅಷ್ಟಮಿ-ಚತುರ್ದಶಿಗಳ ಲೆಕ್ಕ, ನೋಂಪಿಯ ಕಥೆ, ಮಕ್ಕಳ ಬಾಯಲ್ಲಿ ಮೊದಲು ಕೂರಿಸಿದ ಪಂಚನಮಸ್ಕಾರ, ಇವೆಲ್ಲ ಆಕೆ ತಂದ ಗಂಟು. ಆ ತಾಯಿ ತೀರಿಕೊಂಡ ವರ್ಷ ಮಕ್ಕಳು ಅಭಿಷೇಕ ಮಾಡಿಸುತ್ತಾರೆ, ಸ್ವಾಧ್ಯಾಯದ ಪುಸ್ತಕ ಅಚ್ಚುಹಾಕಿಸಿ ಹಂಚುತ್ತಾರೆ, ಬಸದಿಯ ಕಲ್ಲಿನಲ್ಲಿ ಹೆಸರು ಕೆತ್ತಿಸುತ್ತಾರೆ. ಅದೇ ವರ್ಷದೊಳಗೆ ನಲ್ಲಿಯ ಬಾಯಿಂದ ಬಟ್ಟೆ ಕಳಚುತ್ತದೆ, ಊಟದ ಹೊತ್ತು ರಾತ್ರಿ ಒಂಬತ್ತಕ್ಕೆ ಜಾರುತ್ತದೆ, ಚತುರ್ದಶಿ ಎಂದು ಬಂತೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ಕಲ್ಲಿನಲ್ಲಿ ಹೆಸರು ಉಳಿದು ಮನೆಯಲ್ಲಿ ವ್ರತ ಅಳಿದರೆ ಸ್ಮರಿಸಿದ್ದು ಯಾರನ್ನು?

ಈ ಪ್ರಶ್ನೆಗೆ ಒಂಬೈನೂರು ವರ್ಷಗಳ ಹಿಂದೆ ಒಬ್ಬ ಮಗನು ಕೊಟ್ಟ ಉತ್ತರವು ಶ್ರವಣಬೆಳಗೊಳದಲ್ಲಿ ಇಂದಿಗೂ ನಿಂತಿದೆ. 2017ರಲ್ಲಿ ಹೊಸ ರೈಲುಮಾರ್ಗ ತೆರೆದಂದಿನಿಂದ ಯಶವಂತಪುರದಲ್ಲಿ ರೈಲು ಹತ್ತಿದವರು ನೆಲಮಂಗಲ, ಕುಣಿಗಲ್‌ಗಳನ್ನು ದಾಟಿ ಕ್ಷೇತ್ರದ ನಿಲ್ದಾಣದಲ್ಲಿಯೇ ಇಳಿಯುವಂತಾಗಿದೆ. ಇಳಿದವರಲ್ಲಿ ಬಹುಮಂದಿ ವಿಂಧ್ಯಗಿರಿಯನ್ನು ಹತ್ತಿ, ಭಗವಾನ್ ಬಾಹುಬಲಿಯ ದರ್ಶನ ಮಾಡಿ, ಸಂಜೆಗೆ ಹಿಂದಿರುಗುತ್ತಾರೆ. ಎದುರಿನ ಚಿಕ್ಕಬೆಟ್ಟವಾದ ಚಂದ್ರಗಿರಿಯತ್ತ ಕಾಲುಹಾಕುವವರು ಕಡಮೆ. ಮೆಟ್ಟಿಲುಗಳೂ ಕಡಮೆ, ಜನರೂ ಕಡಮೆ. ಆ ಬೆಟ್ಟದ ಮೇಲಿರುವ ಬಸದಿಗಳಲ್ಲೆಲ್ಲ ದೊಡ್ಡದಾದ ಒಂದಕ್ಕೆ ಕತ್ತಲೆ ಬಸದಿಯೆಂದು ಹೆಸರು. ಹೊರಗಿನ ಬೆಳಕಿಗೆ ಒಳಗೆ ಹೆಚ್ಚು ಹಾದಿಯಿಲ್ಲದ್ದರಿಂದ ಜನರು ಹಾಗೆ ಕರೆದರು. ಗರ್ಭಗೃಹದಲ್ಲಿ ಪ್ರಥಮ ತೀರ್ಥಂಕರ ಆದಿನಾಥಸ್ವಾಮಿಯು ಆಸೀನನಾಗಿದ್ದಾನೆ. ಪೀಠದ ಮೇಲಿನ ಶಾಸನವು ಹೇಳುವ ವಿಷಯ ಇಷ್ಟೇ: ಈ ಬಸದಿಯನ್ನು ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದನು.

ಪೋಚವ್ವೆ, ಪೋಚಿಕಬ್ಬೆ, ಪೋಚಲದೇವಿ, ಪೋಚಾಂಬಿಕೆ ಎಂದು ಶಾಸನಗಳು ಕರೆಯುವ ಈ ತಾಯಿ ಕೌಂಡಿನ್ಯ ಗೋತ್ರದ ಏಚಿರಾಜನ ಧರ್ಮಪತ್ನಿ. ಆಕೆ ರಾಣಿಯಲ್ಲ, ಕವಿಯಲ್ಲ; ದಾನಚಿಂತಾಮಣಿ ಅತ್ತಿಮಬ್ಬೆಯಂತೆ ಕಾವ್ಯದ ನಾಯಕಿಯಾಗಿ ಹಾಡಿಸಿಕೊಂಡವಳೂ ಅಲ್ಲ. ಒಂದು ಸಂಸಾರವನ್ನು ನಡೆಸಿದವಳು, ಮಕ್ಕಳನ್ನು ಬೆಳೆಸಿದವಳು. ಆಕೆಯ ಮಗ ಗಂಗರಾಜನಾದರೋ ಹೊಯ್ಸಳ ವಿಷ್ಣುವರ್ಧನನ ಬಲಗೈಯಾಗಿದ್ದ ಮಹಾಪ್ರಧಾನ. ಚೋಳರ ಕೈಯಿಂದ ತಲಕಾಡನ್ನು ಬಿಡಿಸಿದ ವೀರ. ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದವನು. ಅವನ ಪತ್ನಿ ಲಕ್ಷ್ಮೀದೇವಿಯೂ ಅದೇ ಚಂದ್ರಗಿರಿಯಲ್ಲಿ ಎರಡುಕಟ್ಟೆ ಬಸದಿಯನ್ನು ಮಾಡಿಸಿದಳು. ಅತ್ತೆ ನಡೆದ ದಾರಿಯಲ್ಲಿ ಸೊಸೆ ನಡೆದಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅತ್ತೆ-ಸೊಸೆಯರ ಕಲಹವನ್ನೇ ಕಥೆಯನ್ನಾಗಿ ಮಾಡುವ ಲೋಕವು ಈ ಎರಡು ಬಸದಿಗಳನ್ನು ಒಮ್ಮೆ ನೋಡಿಬರಬೇಕು.

ಗಂಗರಾಜನ ಬಾಳಿನ ಒಂದು ಪ್ರಸಂಗವನ್ನು ಶ್ರಾವಕರು ಮನನ ಮಾಡಬೇಕು. ಕಣ್ಣೆಗಾಲವೆಂಬಲ್ಲಿ ಚಾಲುಕ್ಯ ಚಕ್ರವರ್ತಿಯ ಸೇನೆ ಬೀಡುಬಿಟ್ಟಿದ್ದಾಗ ಅವನು ರಾತ್ರಿಯ ಹೊತ್ತು ಎರಗಿ ಜಯಿಸಿದನು. ಸಂತುಷ್ಟನಾದ ವಿಷ್ಣುವರ್ಧನನು ಬೇಕಾದುದನ್ನು ಬೇಡಿಕೋ ಎಂದನು. ಅಂಥ ಗೆಲುವನ್ನು ತಂದವನು ನಾಡನ್ನೇ ಬೇಡಬಹುದಿತ್ತು. ಗಂಗರಾಜನು ಬೇಡಿದ್ದು ಪರಮ ಎಂಬ ಒಂದು ಗ್ರಾಮವನ್ನು. ಅದನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ತನ್ನ ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳಲ್ಲಿ ಪೂಜೆಯು ನಡೆಯಲೆಂದು ಬಿಟ್ಟುಕೊಟ್ಟನು. 1118ರ ಶಾಸನವು ಇದನ್ನು ದಾಖಲಿಸಿದೆ.

ಇಲ್ಲಿ ವರ್ಷಗಳನ್ನು ಗಮನಿಸಬೇಕು. ಪರಮ ಗ್ರಾಮದ ದಾನ 1118ರದು. ಕತ್ತಲೆ ಬಸದಿಯ ನಿರ್ಮಾಣವೂ ಸುಮಾರು ಅದೇ ಕಾಲದ್ದು. ಪೋಚಿಕಬ್ಬೆಯು ಸಮಾಧಿಮರಣವನ್ನು ಹೊಂದಿದ್ದು 1120ರ ಸುಮಾರಿಗೆ. ಎಂದರೆ ಮಗನು ತಾಯಿಯ ಧರ್ಮಕ್ಕೆ ಆಸರೆಯಾದದ್ದು ಆಕೆಯ ಮರಣದ ನಂತರವಲ್ಲ, ಆಕೆ ಬದುಕಿರುವಾಗ. ಆಕೆಯು ಎತ್ತಿಸಿದ ಬಸದಿಯಲ್ಲಿ ದೀಪ ಉರಿಯುವುದನ್ನು ಆಕೆಯೇ ಕಣ್ಣಾರೆ ಕಂಡಳು. ಮರಣಾನಂತರ ಅವನು ನಿಲ್ಲಿಸಿದ್ದು ಒಂದು ನಿಷಿಧಿಯ ಶಾಸನವನ್ನು ಮಾತ್ರ. ತೀರಿಹೋದವರಿಗೆ ಏನೂ ತಲುಪದೆಂಬ ಸಿದ್ಧಾಂತವನ್ನು ಬಲ್ಲ ಮಗನು ಹೇಗೆ ನಡೆಯಬೇಕೋ ಗಂಗರಾಜನು ಹಾಗೆಯೇ ನಡೆದನು. ಬದುಕಿರುವ ತಾಯಿಯ ವ್ರತಕ್ಕೆ ನೆರವಾದರೆ ಅದು ಆಕೆಯ ಪರಿಣಾಮಶುದ್ಧಿಗೆ ನಿಮಿತ್ತವಾಗುತ್ತದೆ. ಆಕೆ ಹೋದ ಮೇಲೆ ಕೊಟ್ಟದ್ದು ಕೊಟ್ಟವನ ಮನಸ್ಸಿನ ಸಮಾಧಾನಕ್ಕೆ.

ನಿಷಿಧಿಯ ಶಾಸನವು ಪೋಚಿಕಬ್ಬೆಯನ್ನು ಬೆಳಗೊಳದಲ್ಲಿಯೂ ಬೇರೆ ತೀರ್ಥಗಳಲ್ಲಿಯೂ ಚೈತ್ಯಾಲಯಗಳನ್ನು ಮಾಡಿಸಿದವಳೆಂದೂ ದಾನಗಳನ್ನು ನೀಡಿದವಳೆಂದೂ ಕೊಂಡಾಡಿ, ಕಡೆಗೆ ಸಲ್ಲೇಖನವನ್ನು ಕೈಕೊಂಡು ಪಂಚಪದಗಳನ್ನು ಉಚ್ಚರಿಸುತ್ತ ದೇಹವನ್ನು ತ್ಯಜಿಸಿದಳೆಂದು ಹೇಳುತ್ತದೆ. ಓದಿದವರ ಕಣ್ಣು ಸಹಜವಾಗಿ ಆ ಕೊನೆಯ ಉಪವಾಸದ ಮೇಲೆ ನಿಲ್ಲುತ್ತದೆ. ಆದರೆ ಆ ಕೊನೆಯು ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಕ್ರಮವನ್ನು ಹೇಳಿದೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮರಕ್ಷಣೆಗಾಗಿ ಇದನ್ನು ಕೈಕೊಳ್ಳಬೇಕು. ಮೊದಲು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಇನಿದಾದ ಮಾತಿನಿಂದ ತಾನೂ ಕ್ಷಮೆ ಕೇಳಬೇಕು. ಆಮೇಲೆ ಮೆಲ್ಲಮೆಲ್ಲನೆ ಅನ್ನವನ್ನು ಬಿಟ್ಟು ಹಾಲಿನಂಥ ಪಾನಕ್ಕೆ, ಅದನ್ನೂ ಬಿಟ್ಟು ಗಂಜಿಯ ತಿಳಿಗೆ, ಬಿಸಿನೀರಿಗೆ, ಕಡೆಗೆ ಶಕ್ತಿಯಿದ್ದಷ್ಟು ಉಪವಾಸಕ್ಕೆ ಬರಬೇಕು. ಈ ಕ್ರಮದಲ್ಲಿ ಅವಸರಕ್ಕೆ ಎಡೆಯಿಲ್ಲ, ಗುರುವಿನ ಅನುಮತಿಯಿಲ್ಲದೆ ಪ್ರಾರಂಭವಿಲ್ಲ. ಸಾವನ್ನು ಬಯಸುವುದೇ ಇದರಲ್ಲಿ ಒಂದು ಅತಿಚಾರ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ಸಮಾಜವು ತಳಮಳಗೊಂಡದ್ದೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿದ್ದೂ ಓದುಗರಿಗೆ ನೆನಪಿರಬಹುದು. ಅತಿಚಾರಗಳನ್ನು ಬಲ್ಲವನಿಗೆ ಇವೆರಡರ ಭೇದವು ತಾನಾಗಿಯೇ ತಿಳಿಯುತ್ತದೆ.

ಗೃಹಿಣಿಗೆ ಈ ಕ್ರಮದಲ್ಲಿ ಕಷ್ಟವಾದದ್ದು ಯಾವುದು? ಅನ್ನವನ್ನು ಬಿಡುವುದಲ್ಲ. ಆಕೆ ಅದನ್ನು ಜೀವಮಾನವಿಡೀ ಅಭ್ಯಾಸ ಮಾಡಿದ್ದಾಳೆ. ಇತರರಿಗೆ ಬಡಿಸಿ ಉಳಿದುದನ್ನು ಉಂಡವಳಿಗೆ ಅವಮೌದರ್ಯ ತಪವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಷ್ಟವಾದದ್ದು ಸ್ನೇಹವನ್ನು ಬಿಡುವುದು. ಮಕ್ಕಳು ಉಂಡರೇ, ಮೊಮ್ಮಗನಿಗೆ ಜ್ವರ ಇಳಿಯಿತೇ ಎಂಬ ಚಿಂತೆಯಿಂದ ಮನಸ್ಸನ್ನು ಬಿಡಿಸಿ ಪಂಚಪರಮೇಷ್ಠಿಗಳಲ್ಲಿ ನಿಲ್ಲಿಸುವುದು ಒಂದು ದಿನದ ಕೆಲಸವಲ್ಲ. ಪ್ರೋಷಧೋಪವಾಸವು ಅದಕ್ಕೆ ಪಾಠಶಾಲೆ. ಅಷ್ಟಮಿ-ಚತುರ್ದಶಿಗಳ ಹಿಂದಿನ ದಿನ ಒಂದು ಹೊತ್ತಿನ ಊಟ, ಪರ್ವದ ದಿನ ಚತುರ್ವಿಧಾಹಾರದ ತ್ಯಾಗ, ಮರುದಿನ ಮತ್ತೆ ಒಂದೇ ಹೊತ್ತಿನ ಪಾರಣೆ. ಹೀಗೆ 16 ಪ್ರಹರಗಳ ಕಾಲ, ಎಂದರೆ 48 ಗಂಟೆಗಳು, ಆಹಾರದೊಡನೆ ಮನೆಗೆಲಸದ ಆರಂಭವನ್ನೂ ಕಡಮೆ ಮಾಡಿ ಧರ್ಮಧ್ಯಾನದಲ್ಲಿ ಕಳೆಯಬೇಕೆಂದು ವಿಧಿ.

ಆದರೆ ಮನೆಗಳಲ್ಲಿ ನಡೆಯುವುದೇನು? ಚತುರ್ದಶಿಯ ಉಪವಾಸದಲ್ಲಿರುವ ತಾಯಿಯೇ ಉಪವಾಸವಿಲ್ಲದ ಮಗನಿಗೆ ಡಬ್ಬಿ ಕಟ್ಟುತ್ತಾಳೆ. ಪಾರಣೆಯ ಬೆಳಿಗ್ಗೆ ಉಪವಾಸವಿದ್ದ ಗಂಡನಿಗೆ ಗಂಜಿ ಕಾಯಿಸಿಕೊಟ್ಟು, ತಾನೂ ಉಪವಾಸವಿದ್ದುದನ್ನು ಯಾರೂ ಕೇಳದೆ, ಕೊನೆಯಲ್ಲಿ ನೀರು ಕುಡಿಯುತ್ತಾಳೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಇಡೀ ಮನೆಯ ತಪಸ್ಸು ಆಕೆಯ ಒಲೆಯ ಮುಂದೆ ನಡೆಯುತ್ತದೆ. ಶುದ್ಧವಾದ ಹಿಟ್ಟು, ಸೋಸಿದ ನೀರು, ಹೊತ್ತಿಗೆ ಸರಿಯಾದ ಊಟ ಇವಿಲ್ಲದೆ ಯಾರ ಏಕಭುಕ್ತವೂ ಸಾಗದು. ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವುದು ಉಪವಾಸ ಮಾಡಿದವನು. ಆ ಉಪವಾಸವನ್ನು ಹೊತ್ತವಳಲ್ಲ. ಇದರಲ್ಲಿ ಗೃಹಿಣಿಯರು ದೂರಿಕೊಂಡದ್ದು ಕಡಮೆ. ದೂರಲಿಲ್ಲವೆಂಬ ಕಾರಣಕ್ಕೆ ನ್ಯಾಯವೆಂದೂ ಆಗದು.

ನೀರಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿದ ನೀರಿಗೆ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ, ಮರ್ಯಾದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಾಶಯಕ್ಕೆ ಮೆಲ್ಲಗೆ ಹಿಂದಿರುಗಿಸಬೇಕು. ಊರಿನಲ್ಲಿ ಬಾವಿಯಿತ್ತು, ಸೋಸುವುದೂ ಹಿಂದಿರುಗಿಸುವುದೂ ಒಂದೇ ಹಗ್ಗದಲ್ಲಿ ಆಗುತ್ತಿತ್ತು. ಯಲಹಂಕದ ನಾಲ್ಕನೆಯ ಮಹಡಿಯಲ್ಲಿ ನೀರು ಕೊಳವೆಬಾವಿಯದೋ, ಕಾವೇರಿಯದೋ, ಟ್ಯಾಂಕರಿನದೋ ತಿಳಿಯದು. ಆದರೂ ಬಟ್ಟೆ ಕಟ್ಟುವ ತಾಯಂದಿರಿದ್ದಾರೆ. ಶುದ್ಧೀಕರಣದ ಯಂತ್ರವಿರುವಾಗ ಬಟ್ಟೆಯೇಕೆಂದು ಮಕ್ಕಳು ನಗುತ್ತಾರೆ. ಯಂತ್ರವು ಕುಡಿಯುವವನ ಆರೋಗ್ಯವನ್ನು ನೋಡುತ್ತದೆ. ಬಟ್ಟೆಯು ನೀರಿನಲ್ಲಿರುವ ಜೀವದ ಕಡೆಗೆ ನೋಡುವ ಕಣ್ಣನ್ನು ಉಳಿಸುತ್ತದೆ. ಎರಡೂ ಇರಲಿ.

ರಾತ್ರಿಭೋಜನ ತ್ಯಾಗವು ಇನ್ನೂ ಬಿಗಿಯಾದ ಪರೀಕ್ಷೆ. ಡಿಸೆಂಬರ್ ಮೊದಲಲ್ಲಿ ಬೆಂಗಳೂರಿನ ಸೂರ್ಯನು ಆರು ಗಂಟೆಗೆ ಮುನ್ನವೇ ಮುಳುಗುತ್ತಾನೆ. ಅಸ್ತಮಾನಕ್ಕೆ ಎರಡು ಘಳಿಗೆ ಮೊದಲೇ ಊಟ ಮುಗಿಯಬೇಕೆಂದರೆ ಐದರ ಹೊತ್ತಿಗೆ ಎಲೆ ಹಾಕಬೇಕು. ಆ ಹೊತ್ತಿನಲ್ಲಿ ಮನೆಯವರೆಲ್ಲ ಕಚೇರಿಯಲ್ಲಿರುತ್ತಾರೆ, ಇಲ್ಲವೆ ಹೆಬ್ಬಾಳದ ಮೇಲುಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ತಾಯಿ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಮತ್ತೆ ಎಂಟಕ್ಕೆ ಎದ್ದು ಇತರರಿಗೆ ಬಡಿಸುತ್ತಾಳೆ. ಮನೆಯೊಳಗೆ ವ್ರತವು ಹೀಗೆ ಒಬ್ಬರದಾಗಿಬಿಟ್ಟರೆ ಅದು ಅವರೊಡನೆಯೇ ಮುಗಿಯುತ್ತದೆ. ವಾರದಲ್ಲಿ ಎರಡು ದಿನವಾದರೂ, ರಜೆಯ ದಿನಗಳಲ್ಲಾದರೂ, ಇಡೀ ಮನೆ ಸೂರ್ಯನಿರುವಾಗ ಆಕೆಯ ಜೊತೆ ಊಟಕ್ಕೆ ಕುಳಿತುಕೊಳ್ಳುವುದು ಅಸಾಧ್ಯವೇನಲ್ಲ. ಕಚೇರಿಗೆ ಎರಡು ಡಬ್ಬಿಗಳನ್ನು ಒಯ್ದು ಸಂಜೆಯ ಊಟವನ್ನು ಅಲ್ಲಿಯೇ ಮುಗಿಸುವ ತರುಣರೂ ಇದ್ದಾರೆ. ಅವರ ಮನೆಗಳಲ್ಲಿ ರಾತ್ರಿಯ ಒಲೆ ಆರಿದೆ.

ತಾಯಿಯ ಧರ್ಮವು ಮಕ್ಕಳಿಗೆ ಇಳಿಯುವ ಬಗೆಗೆ ಹೊಯ್ಸಳರ ಕಾಲದ್ದೇ ಇನ್ನೊಂದು ನಿದರ್ಶನವಿದೆ. ರಾಣಿ ಶಾಂತಲದೇವಿಯ ತಂದೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಪೂಜೆಗಳು. ಮಗಳು ಹಿಡಿದದ್ದು ತಾಯಿಯ ದಾರಿಯನ್ನು. 1123ರಲ್ಲಿ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನು ಮಾಡಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಮಾಚಿಕಬ್ಬೆಯು ಪತಿಯೊಡನೆ ವಾದಮಾಡಿ ಮಗಳನ್ನು ಗೆದ್ದುಕೊಂಡಳೆಂದು ಯಾರೂ ಹೇಳಿಲ್ಲ. ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಹೋಗುವವರು ನೆಲಮಂಗಲವನ್ನು ದಾಟಿದ ಮೇಲೆ ಕಾಣುವ ಬೆಟ್ಟವೇ ಅದು. ಮಗಳಿಲ್ಲದ ಮೇಲೆ ತಾನು ಉಳಿಯಲಾರೆನೆಂದು ತಾಯಿಯು ಬೆಳಗೊಳಕ್ಕೆ ಬಂದಳು. ಶೋಕದಿಂದ ಬಂದವಳು ಶೋಕದಲ್ಲಿಯೇ ಪ್ರಾಣ ಬಿಟ್ಟಿದ್ದರೆ ಅದು ಆರ್ತಧ್ಯಾನವಾಗುತ್ತಿತ್ತು. ಶಾಸನವು ತೋರಿಸುವ ಮಾಚಿಕಬ್ಬೆ ಬೇರೆ: ಬಂಧುಗಳನ್ನು ಬೀಳ್ಕೊಂಡು, ಗುರುಗಳ ಸನ್ನಿಧಿಯಲ್ಲಿ ವ್ರತವನ್ನು ಸ್ವೀಕರಿಸಿ, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ ಒಂದು ತಿಂಗಳ ಉಪವಾಸವನ್ನು ನಡೆಸಿದವಳು. ಒಂದು ತಿಂಗಳೆಂದರೆ ಮಗಳ ಮೇಲಿನ ಮೋಹವನ್ನು ದಿನದಿನಕ್ಕೆ ತೊಳೆಯಲು ದೊರೆತ ಕಾಲವೆಂದು ತಿಳಿಯುವುದು ಯುಕ್ತ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರವೂ ಅವಶ್ಯ. ವೃದ್ಧರಾದ ತಾಯಂದಿರು, ಸಕ್ಕರೆಯ ಕಾಯಿಲೆ, ರಕ್ತದೊತ್ತಡ ಇರುವವರು, ಹಳೆಯ ನಿಯಮವನ್ನು ಮುರಿಯಲು ಹೆದರಿ ಔಷಧವನ್ನೇ ಬಿಟ್ಟುಬಿಡುವುದುಂಟು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳೆರಡಕ್ಕೂ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಹಚ್ಚಿಯೇ ಹೇಳಿದೆ. ಆದುದರಿಂದ ನಿಯಮವನ್ನು ಕೊಟ್ಟ ಮುನಿಗಳಲ್ಲಿಗೋ ಆರ್ಯಿಕೆಯರಲ್ಲಿಗೋ ಅವರನ್ನು ಕರೆದುಕೊಂಡು ಹೋಗಿ, ವೈದ್ಯರು ಹೇಳಿದ್ದನ್ನು ತಿಳಿಸಿ, ಉಪವಾಸದ ಬದಲು ಏಕಭುಕ್ತವೋ ರಸಪರಿತ್ಯಾಗವೋ ಆಗುವಂತೆ ಮಾರ್ಪಾಡು ಕೇಳಿಕೊಳ್ಳಬೇಕು. ಮನೆಯಲ್ಲಿ ಕುಳಿತು "ಅಮ್ಮಾ, ಇದೆಲ್ಲ ಯಾಕೆ, ಬಿಟ್ಟುಬಿಡಿ" ಎನ್ನುವುದರಿಂದ ತಾಯಿಯ ದೇಹವೂ ಉಳಿಯದು, ಮನಸ್ಸೂ ಉಳಿಯದು.

ಈ ವಿಷಯದಲ್ಲಿ ಚಾವುಂಡರಾಯನ ತಾಯಿ ಕಾಳಲದೇವಿಯ ಕಥೆ ಎಲ್ಲರಿಗೂ ತಿಳಿದದ್ದೇ. ಪೌದನಪುರದ ಬಾಹುಬಲಿಯನ್ನು ಕಾಣುವವರೆಗೆ ಹಾಲನ್ನು ಮುಟ್ಟೆನೆಂದು ಆಕೆ ನಿಯಮ ತಾಳಿದಳು. ಹಾಲು ಷಡ್ರಸಗಳಲ್ಲಿ ಒಂದು. ಆದುದರಿಂದ ಅದು ರಸಪರಿತ್ಯಾಗವೆಂಬ ಬಾಹ್ಯತಪ. ಕಥೆಯಲ್ಲಿ ಬಹುಮಂದಿ ಮರೆಯುವ ಒಂದು ಅಂಶವಿದೆ. ತಾಯಿಯು ತನ್ನ ನಿಯಮವನ್ನು ಮಗನ ಮುಂದೆ ಹೇಳಿಕೊಳ್ಳಲಿಲ್ಲ. ಅದನ್ನು ಗಮನಿಸಿ ಗಂಡನಿಗೆ ತಿಳಿಸಿದವಳು ಸೊಸೆ ಅಜಿತಾದೇವಿ ಎಂದು ಒಂದು ಪರಂಪರೆ. ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಮಗನು ತಾಯಿಗೆ ಹಾಲು ಕುಡಿಯೆಂದು ಹೇಳಲಿಲ್ಲ. ವ್ರತವನ್ನು ಹೊಗಳಿ ಸುಮ್ಮನಾಗಲೂ ಇಲ್ಲ. ತಾಯಿಯನ್ನು ಕರೆದುಕೊಂಡು ದಾರಿಗೆ ಹೊರಟನು. 981ರಲ್ಲಿ ಪ್ರತಿಷ್ಠೆಯಾಯಿತೆಂದು ಹೇಳಲಾಗುವ ಗೊಮ್ಮಟೇಶ್ವರನ ಮೂರ್ತಿಯು ಸುಮಾರು 58 ಅಡಿ ಎತ್ತರವಿದೆ. ಅದರ ಪಾದದ ಬಳಿಯ ಶಾಸನದಲ್ಲಿ ಮಾಡಿಸಿದ ಚಾವುಂಡರಾಯನ ಹೆಸರಿದೆ, ಸುತ್ತಾಲಯ ಮಾಡಿಸಿದ ಗಂಗರಾಜನ ಹೆಸರಿದೆ. ಕಾಳಲದೇವಿಯ ಹೆಸರಿಲ್ಲ. ಎದುರುಬೆಟ್ಟದ ಕತ್ತಲೆ ಬಸದಿಯಲ್ಲಿ ಪೋಚವ್ವೆಯ ಹೆಸರಿದೆ.

ಆ ಬಸದಿಗೆ ಹೋದವರು ದೀಪವಿದ್ದರೆ ಗರ್ಭಗೃಹವನ್ನು ಸುತ್ತಿಬರಬಹುದು. ಚಂದ್ರಗಿರಿಯ ಬಸದಿಗಳಲ್ಲಿ ಒಳಗೇ ಪ್ರದಕ್ಷಿಣಾಪಥವಿರುವುದು ಇದೊಂದರಲ್ಲಿಯೇ. ಮುಂದಿನ ಕಾಲದಲ್ಲಿ ಇದರ ಮುಖಮಂಟಪವನ್ನು ಸರಿಪಡಿಸಿದವರು ಮೈಸೂರು ಅರಸುಮನೆತನದ ದೇವೀರಮ್ಮಣ್ಣಿ, ಕೆಂಪಮ್ಮಣ್ಣಿ ಎಂಬ ಇಬ್ಬರು ಸ್ತ್ರೀಯರು.

ಚಾತುರ್ಮಾಸವು ಆಷಾಢ ಶುಕ್ಲ ಚತುರ್ದಶಿಗೆ ಮೊದಲಾಗುತ್ತದೆ. ತಾಯಿ ಬದುಕಿರುವ ಮನೆಗಳಲ್ಲಿ ಅದಕ್ಕೆ ಮುನ್ನ ಒಂದು ಸಂಜೆ ಆಕೆಯ ಬಳಿ ಕುಳಿತು ಕೇಳಬೇಕು. ಯಾವ ಯಾವ ನೋಂಪಿಗಳನ್ನು ಹಿಡಿದಿದ್ದಾರೆ, ಯಾರಿಂದ ನಿಯಮ ಪಡೆದರು, ಅನಂತನ ನೋಂಪಿಯ 14 ವರ್ಷಗಳಲ್ಲಿ ಎಷ್ಟು ಕಳೆದಿವೆ, ಯಾವುದರ ಉದ್ಯಾಪನೆ ಬಾಕಿಯಿದೆ, ಯಾವ ರಸವನ್ನು ಯಾವ ತಿಥಿಗೆ ಬಿಟ್ಟಿದ್ದಾರೆ, ಯಾವ ಕಥೆ ಅವರಿಗೆ ಬಾಯಿಪಾಠವಿದೆ. ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಗನೋ ಮಗಳೋ ಸೊಸೆಯೋ, ಯಾರಾದರೊಬ್ಬರು ಅವುಗಳಲ್ಲಿ ಒಂದನ್ನು ಆಕೆಯ ಎದುರಿನಲ್ಲಿಯೇ ಸ್ವೀಕರಿಸಬೇಕು. ಮೊದಲ ವರ್ಷ ವಿಧಿ ತಪ್ಪಿದರೆ ತಿದ್ದಲು ಆಕೆ ಇರುತ್ತಾಳೆ.